ಅಧಿವೇಶನದ ಗಾಡಿ

ಹೋದ ತಿಂಗಳು ರಾಯಬಾಗದ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಹೆಸರು ಶೈಲಾ. ಸಾರಿಗೆ ಸಂಸ್ಥೆಯ ಕಚೇರಿಯಲ್ಲಿ ನಾನು ನಿವೃತ್ತನಾಗುವವರೆಗೆ ಕೂತಿದ್ದ ಮೇಜಿಗೆ ಈಗ ಅವಳು ಬಂದಿದ್ದಾಳೆ. "ಸರ್, ವಿಧಾನಸಭಾದಿಂದ ಪ್ರಶ್ನೆ ಬಂದೈತ್ರಿ. ನಮ್ಮ ಶಾಸಕರು ಬಸ್ಸಿನ ಬಗ್ಗೆ ಕೇಳ್ಯಾರ. ಸಂಜಿಯೊಳಗ ಉತ್ತರ ಬರದ ಕೊಡು ಅಂದಾರ. ಹ್ಯಾಂಗ ಬರೀಬೇಕ್ರಿ? ನೀವು ಭಾಳ ಚೊಲೋ ಬರೀತಿದ್ರಿ ಅಂತ ಇಲ್ಲೆ ಎಲ್ಲಾರೂ ಹೇಳ್ತಾರ" ಎಂದಳು.

ಚೊಲೋ ಬರೀತಿದ್ದೆನಂತೆ! ಆ ಮಾತು ಕೇಳಿ ನನ್ನ ಮುಖ ಬಿಸಿಯಾಯಿತು. "ಹಳೇ ಫೈಲ್ ನೋಡ್ಕೊಂಡ ಬರಿಯವ್ವಾ" ಎಂದು ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಆ ಹಳೇ ಫೈಲಿನಲ್ಲಿರುವುದೆಲ್ಲ ನನ್ನದೇ ಬರಹ. ಅದನ್ನು ನೋಡಿ ಬರೆದರೆ ಅವಳೂ ನನ್ನ ಹಾಗೆಯೇ ಆಗುತ್ತಾಳೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಮಾರಂಭದಲ್ಲಿ ಸನ್ಮಾನವಾಯಿತು ಎಂದೆಲ್ಲ ಕೇಳಬೇಡಿ. ಒಂದು ಶಾಲಿನ ವಿಷಯ ಮಾತ್ರ ಮುಂದೆ ಹೇಳುತ್ತೇನೆ, ಅದೂ ಹೇಳಲೇಬೇಕಾದದ್ದರಿಂದ.

ನಾನು ದುಡಿದ ಡಿಪೋ, ಕಚೇರಿ ಯಾವ ಊರಿನವು ಎಂದು ಬರೆಯುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇಷ್ಟೂ ತಾಲ್ಲೂಕುಗಳ ಧೂಳು ಕುಡಿದವನು ನಾನು. ಅಷ್ಟು ತಿಳಿದರೆ ಸಾಕು. ಅಕ್ಕನ ಊರಿನ ಹೆಸರನ್ನಂತೂ ಹೇಳುವುದೇ ಇಲ್ಲ. ಜುಗೂಳದ ಆಚೀಚೆ, ಕೃಷ್ಣಾ ಹೊಳೆಯ ದಂಡೆಯ ಮೇಲಿದೆ ಎಂದುಕೊಳ್ಳಿ. ಆ ಊರಿನವರಿಗೆ ನನ್ನ ಕಥೆ ಗೊತ್ತು. ಒಂದೇ ಒಂದು ಮಾತು ಬಿಟ್ಟರೆ ಅಲ್ಲಿ ಮುಚ್ಚಿಡಲು ಏನೂ ಉಳಿದಿಲ್ಲ.

ನೌಕರಿಗೆ ಸೇರಿದಾಗ ನನ್ನನ್ನು ಕೂಡಿಸಿದ್ದು ಗಡಿಯ ಹತ್ತಿರದ ಒಂದು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. ಕಿಟಕಿಯ ಆಚೆ ಸದಾ ಹತ್ತು ಮುಖಗಳು, ಹತ್ತು ಬಾಯಿಗಳು, ಅರ್ಧ ಕನ್ನಡ, ಅರ್ಧ ಮರಾಠಿ. ಅಲ್ಲಿ ನನಗೆ ಕೆಲಸ ಕಲಿಸಿದವರು ದಸ್ತಗೀರ ಚಾಚಾ, ಹಳೆಯ ಸಂಚಾರ ನಿಯಂತ್ರಕರು. ಮೊದಲ ದಿನವೇ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನೋಡ ಬೇಟಾ, ಬರೂದಿಲ್ಲ ಅಂತ ಯಾವತ್ತೂ ಅನಬ್ಯಾಡ. ಬರೂದಿಲ್ಲ ಅಂದ್ರ ಮಂದಿ ಜಗಳಾ ತಗೀತಾರ. ಬರತೈತಿ ಅನ್ನು. ಸುಮ್ನ ಕಾಯಕೋತ ಕುಂದರತಾರ."

ಎಂಥ ಉಪದೇಶ! ಕೆಟ್ಟ ಮನುಷ್ಯರಲ್ಲ ಅವರು. ಕಿಟಕಿಯ ಸರಳುಗಳ ನಡುವೆ ಕೈ ಹಾಕಿದ ಮಂದಿಯಿಂದ ಕಾಲರ್ ಹಿಡಿಸಿಕೊಂಡವರು. ಬದುಕಲು ಕಲಿತದ್ದನ್ನೇ ನನಗೂ ಕಲಿಸಿದರು. ನಾನು ಬೇಗ ಕಲಿತೆ.

ಒಂದು ದಿನ ಬೀಡಿ ಕಟ್ಟುವ ಒಬ್ಬ ಹೆಂಗಸು, ತಲೆಯ ಮೇಲೆ ಬುಟ್ಟಿ, ಕಿಟಕಿಗೆ ಬಂದು "ಗಾಡಿ ಯೇಣಾರ ಕಾ, ದಾದಾ?" ಎಂದು ಕೇಳಿದಳು. ಅವಳ ಊರಿನ ಬಸ್ಸು ಡಿಪೋದಲ್ಲಿ ಗೇರ್‌ಬಾಕ್ಸ್ ಬಿಚ್ಚಿಕೊಂಡು ಮಲಗಿತ್ತು. ನನಗದು ಗೊತ್ತಿತ್ತು. "ಯೇಣಾರ, ಯೇಣಾರ" ಎಂದೆ, ಬರತೈತಿ ಬರತೈತಿ ಎಂದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಳು. ನಾನು ಊಟದ ಡಬ್ಬಿ ಬಿಚ್ಚುವಾಗ ಮತ್ತೆ ಕಿಟಕಿಗೆ ಬಂದಳು. ಜಗಳಕ್ಕಲ್ಲ. "ನಾಹೀ ಮ್ಹಣಾಲಾ ಅಸತಾ ತರ ಮೀ ಚಾಲತ ಗೇಲೆ ಅಸತೆ" ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಇಲ್ಲ ಅಂದಿದ್ದರೆ ನಡೆದಾದರೂ ಹೋಗುತ್ತಿದ್ದೆನಲ್ಲ ಎಂದು ಅದರ ಅರ್ಥ. ಆ ದಿನ ನಾನು ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಮರುದಿನದಿಂದ ಮತ್ತೆ ಉಂಡೆ, ಮತ್ತೆ "ಬರತೈತಿ" ಎಂದೆ. ನಾಚಿಕೆ ಎಂಬುದು ಒಂದು ದಿನದ್ದಾದರೆ ಅದರಿಂದ ಯಾರಿಗೂ ಉಪಕಾರವಿಲ್ಲ.

ಕೆಲವು ವರ್ಷಗಳಾದ ಮೇಲೆ ನನ್ನ ಅಕ್ಷರ ದುಂಡಗಿದೆ ಎಂದು ಕಚೇರಿಯೊಳಗೆ ಕರೆದುಕೊಂಡರು. ಪ್ರಶ್ನೋತ್ತರದ ಮೇಜು. ಶೈಲಾ ಕೂತಿರುವುದು ಅದರ ಮುಂದೆಯೇ. ಹೊಸಬರಿಗೆ ಹೇಳುತ್ತೇನೆ, ಆ ಮೇಜಿನ ಕೆಲಸ ಇಷ್ಟೇ. ಅಧಿವೇಶನ ನಡೆಯುವಾಗ ಶಾಸಕರು ಸರ್ಕಾರವನ್ನು ಕೇಳುತ್ತಾರೆ: ಇಂಥ ಊರಿಗೆ ಬಸ್ಸಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಯಾವಾಗ ಒದಗಿಸಲಾಗುವುದು? ಚುಕ್ಕೆ ಗುರುತಿದ್ದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಬಾಯಿಂದ ಉತ್ತರ ಕೊಡಬೇಕು. ಚುಕ್ಕೆ ಇಲ್ಲದಿದ್ದರೆ ಬರೆದು ಕೊಟ್ಟರೆ ಸಾಕು. ಆ ಪ್ರಶ್ನೆ ಬೆಂಗಳೂರಿನಿಂದ ಇಳಿದು ಇಳಿದು ಕೊನೆಗೆ ನನ್ನ ಮೇಜಿಗೆ ಬರುತ್ತಿತ್ತು. ನಾನು ಬರೆದದ್ದು ಹತ್ತಿ ಹತ್ತಿ ಮಂತ್ರಿಗಳ ಬಾಯಿಗೆ ಹೋಗುತ್ತಿತ್ತು. ಮೊದಮೊದಲು ಅದೊಂದು ದೊಡ್ಡ ಹೆಮ್ಮೆ ನನಗೆ.

ಆಗ ಉತ್ತರವನ್ನು ಲಕೋಟೆಯಲ್ಲಿ ಹಾಕಿ ಬೆಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ಅಲ್ಲಿ ನಿಲ್ದಾಣದಲ್ಲಿ ಯಾರಾದರೂ ಬಂದು ಇಸಿದುಕೊಳ್ಳಬೇಕು. ಒಮ್ಮೆ ಯಾರೂ ಬರಲಿಲ್ಲ. ಕಂಡಕ್ಟರ್ ಲಕೋಟೆಯನ್ನು ಟಿಕೆಟ್ ಪೆಟ್ಟಿಗೆಯಲ್ಲಿಟ್ಟು ನಿದ್ದೆ ಮಾಡಿ, ತನ್ನ ಪಾಳಿ ಮುಗಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. "ಭರಮಣ್ಣಾರ, ನಿಮ್ಮ ಉತ್ತರ ಬೆಂಗಳೂರ ನೋಡಿ ಬಂತ ನೋಡ್ರಿ" ಎಂದ. ಸದನದಲ್ಲಿ ಮಂತ್ರಿಗಳು ಬಾಯಿ ಬಿಟ್ಟುಕೊಂಡು ನಿಂತಿದ್ದರಂತೆ. ನನಗೆ ಮೆಮೋ ಬಂತು. ಆಮೇಲೆ ಫ್ಯಾಕ್ಸ್ ಬಂತು, ಇ-ಮೇಲ್ ಬಂತು, ಈಗ ವಾಟ್ಸಾಪ್. ಉತ್ತರ ಬೇಗ ಹೋಗುವಂತಾಯಿತು, ಅಷ್ಟೇ. ಉತ್ತರ ಮಾತ್ರ ಅದೇ.

ಅದೇ ಎಂದರೆ ನಿಜವಾಗಿಯೂ ಅದೇ. ಒಂದು ಬಸ್ ತಂಗುದಾಣದ ಸೋರುವ ಛಾವಣಿಯ ಬಗ್ಗೆ ಪ್ರಶ್ನೆ ಬಂದಿತ್ತು. "ಬರುವ ಮಳೆಗಾಲದೊಳಗೆ ದುರಸ್ತಿ ಪೂರ್ಣಗೊಳಿಸಲಾಗುವುದು" ಎಂದು ಬರೆದೆ. ಮರುವರ್ಷ ಅದೇ ಪ್ರಶ್ನೆ. ಹಳೇ ಫೈಲ್ ನೋಡಿ ಅದೇ ಸಾಲನ್ನು ಇಳಿಸಿದೆ. ಶಾಸಕರು ಎರಡೂ ಉತ್ತರಗಳನ್ನು ಎತ್ತಿ ಹಿಡಿದು, "ಮಾನ್ಯ ಮಂತ್ರಿಗಳು ಯಾವ ದೇಶದ ಮಳೆಗಾಲದ ಬಗ್ಗೆ ಹೇಳುತ್ತಿದ್ದಾರೆ?" ಎಂದು ಕೇಳಿದರಂತೆ. ಸದನವೆಲ್ಲ ನಕ್ಕಿತಂತೆ. ನಮ್ಮ ಕಚೇರಿಯಲ್ಲಿ ಯಾರೂ ನಗಲಿಲ್ಲ.

ಆ ಮೇಲೆ ನನ್ನನ್ನು ತಿದ್ದಿದವರು ನಮ್ಮ ಸಾಹೇಬರು, ವಿಭಾಗದ ಸಂಚಾರ ಅಧಿಕಾರಿ. ಸಕ್ಕರೆ ಇಲ್ಲದ ಚಹಾ ಕುಡಿಯುತ್ತ, ಕನ್ನಡಕದ ಮೇಲಿಂದ ನೋಡುತ್ತ ಮಾತಾಡುವ ಮನುಷ್ಯ. "ಭರಮಪ್ಪಾ, ಉತ್ತರದಾಗ ಸುಳ್ಳ ಇರಬಾರದು. ಸುಳ್ಳಿದ್ರ ನಾಳೆ ನಮ್ಮ ಕೊರಳಿಗೆ ಬರತೈತಿ. ಹಂಗಂತ ಪೂರಾ ಖರೇನೂ ಇರಬಾರದು" ಎಂದು ಹೇಳಿಕೊಟ್ಟರು. ಗಮನಕ್ಕೆ ಬಂದಿದೆ, ಬಂದಿರುವುದಿಲ್ಲ, ಪರಿಶೀಲನೆಯಲ್ಲಿದೆ, ಪ್ರಶ್ನೆ ಉದ್ಭವಿಸುವುದಿಲ್ಲ. ಈ ನಾಲ್ಕು ಮಾತುಗಳಲ್ಲಿ ಇಡೀ ಸಾರಿಗೆಯನ್ನು ನಡೆಸಬಹುದು ಎಂದು ಅವರು ನಂಬಿದ್ದರು. ನಡೆಸಿಯೂ ತೋರಿಸಿದರು.

ಮಾತಿನಿಂದ ತಪ್ಪಿಸಿಕೊಳ್ಳಲಾಗದ ಚುಕ್ಕೆ ಪ್ರಶ್ನೆ ಬಂದರೆ ಅವರ ಹತ್ತಿರ ಇನ್ನೊಂದು ಉಪಾಯವಿತ್ತು. ಅಧಿವೇಶನ ಶುರುವಾಗುವ ಹೊತ್ತಿಗೆ ಬೇರೆ ಮಾರ್ಗದಿಂದ ಒಂದು ಬಸ್ಸನ್ನು ಕಿತ್ತು ಆ ಊರಿಗೆ ಬಿಡುವುದು. ಊರವರು ಬಸ್ಸಿನ ಮುಂದೆ ನಿಂತ ಫೋಟೋ ತೆಗೆಯುವುದು. "ಬಸ್ ಕಾರ್ಯಾಚರಣೆ ಮಾಡಲಾಗುತ್ತಿದೆ" ಎಂದು ಬರೆಯುವುದು. ಸುಳ್ಳಲ್ಲವಲ್ಲ, ಬಸ್ಸು ಓಡುತ್ತಿದೆ! ಅಧಿವೇಶನ ಮುಗಿದ ಮೇಲೆ ವಾಹನಗಳ ಕೊರತೆ ಎಂದು ಹಿಂದಕ್ಕೆ ತೆಗೆಯುವುದು. ಚಾಲಕರು ಅದಕ್ಕೆ ಅಧಿವೇಶನದ ಗಾಡಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಹೇಳಿ ಕ್ಯಾಂಟೀನಿನಲ್ಲಿ ನಾವೆಲ್ಲ ನಗುತ್ತಿದ್ದೆವು. ನಾನೂ ನಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಮಳೆಗಾಲದ ಅಧಿವೇಶನಕ್ಕೆ ಬಂದ ಚುಕ್ಕೆ ಪ್ರಶ್ನೆಯಲ್ಲಿ ಅಕ್ಕನ ಊರಿನ ಹೆಸರಿತ್ತು.

ಆ ಊರಿಗೆ ವಸ್ತಿ ಬಸ್ ಬೇಕೆಂಬುದು ಬಹಳ ಕಾಲದ ಬೇಡಿಕೆ. ವಸ್ತಿ ಬಸ್ ಎಂದರೆ ಸಂಜೆ ಊರಿಗೆ ಬಂದು, ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ಊರವರನ್ನು ಕರೆದುಕೊಂಡು ಹೊರಡುವ ಬಸ್ಸು. ಅದಿಲ್ಲದಿದ್ದರೆ ದೊಡ್ಡ ರಸ್ತೆಯ ಫಾಟಾದವರೆಗೆ, ಅಂದರೆ ಕ್ರಾಸಿನವರೆಗೆ, ಕಬ್ಬಿನ ಹೊಲಗಳ ನಡುವೆ ನಡೆದು ಹೋಗಿ ಬಸ್ ಹಿಡಿಯಬೇಕು. ಅಕ್ಕನ ಮಗಳು ಸುಜಾತಾ ಆ ವರ್ಷ ಹತ್ತನೆಯದನ್ನು ಒಳ್ಳೆಯ ಅಂಕದಲ್ಲಿ ಮುಗಿಸಿ ಅಥಣಿಯ ಕಾಲೇಜಿಗೆ ಸೇರಿದ್ದಳು. ನರ್ಸ್ ಆಗಬೇಕೆಂಬುದು ಅವಳ ಹಟ. ಭಾವ ಅಡ್ಡಗಾಲು ಹಾಕಿರಲಿಲ್ಲ, ಆದರೆ ಒಂದು ಕರಾರು ಇಟ್ಟಿದ್ದರು: "ಊರಾಗಿಂದ ಬಸ್ ಇದ್ರ ಹೋಗ್ಲಿ. ಮಳಿಗಾಲದಾಗ, ನಸಕಿನ್ಯಾಗ, ಕಬ್ಬಿನ ದಾರಿಲೆ ಒಬ್ಬಾಕಿನ್ನ ನಾ ಕಳಸೂದಿಲ್ಲ."

ಅಕ್ಕ ನನಗೆ ಎಷ್ಟು ಸಲ ಹೇಳಿದ್ದಳೋ. "ಭರಮೂ, ನೀ ಬಸ್ಸಿನ ಆಫೀಸನ್ಯಾಗ ಇದ್ದೂ ನಮ್ಮೂರಿಗೆ ಒಂದ ಗಾಡಿ ಇಲ್ಲಂದ್ರ ಮಂದಿ ನಗತಾರೋ." ನಾನು ಸಾಹೇಬರನ್ನು ಕೇಳಿರಲಿಲ್ಲ. ಅಕ್ಕನ ಊರಿಗೆ ಬಸ್ ಕೇಳಿದರೆ ಸ್ವಂತದವರಿಗೆ ಮಾಡಿಕೊಂಡ ಎನ್ನುತ್ತಾರೆಂಬ ನಾಚಿಕೆ. ನಾಚಬೇಕಾದ ಕಡೆ ನಾಚದೆ, ಬೇಡದ ಕಡೆ ನಾಚಿದವನು ನಾನು.

ಈಗ ಶಾಸಕರೇ ಕೇಳಿದ್ದರು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಅಕ್ಕನ ಊರಲ್ಲೇನ ಇದು? ಚೊಲೋ ಆತು. ಒಂದ ಗಾಡಿ ಬಿಡ್ರಿ. ನೀವ ಹೋಗಿ ಫೋಟೋ ತಗೊಂಡ ಬರ್ರಿ" ಎಂದರು.

"ಸಾಹೇಬ್ರ, ಇದು ಕಾಯಂ ಇರತೈತೇನ್ರಿ?" ಎಂದು ಕೇಳಿದೆ.

"ನೋಡೂಣು" ಎಂದರು.

ಅವರ "ನೋಡೂಣು" ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಈ ಸಲ ಉಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನಿಗೆ ಫೋನ್ ಮಾಡಿದೆ. ನಾಳೆಯಿಂದ ಬಸ್ ಬರುತ್ತದೆ ಎಂದೆ. ಅತ್ತ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ವಸ್ತಿ ಗಾಡಿಯ ಡ್ರೈವರ್, ಕಂಡಕ್ಟರಿಗೆ ರಾತ್ರಿಯ ಊಟ ಊರವರದು. ಇವತ್ತು ಒಂದು ಮನೆ, ನಾಳೆ ಪಕ್ಕದ ಮನೆ, ಹೀಗೆ ಪಾಳಿ. ಉಂಡ ಮನೆಯವರನ್ನು ಯಾರೂ ಕೈಬಿಡುವುದಿಲ್ಲ ಎಂಬ ಲೆಕ್ಕ ಇರಬೇಕು. ಅಕ್ಕನ ಓಣಿಯಲ್ಲಿ ಹೆಚ್ಚಿನವರು ನಮ್ಮಂತೆ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಚಾತುರ್ಮಾಸದಲ್ಲಂತೂ ಒಲೆಯನ್ನೂ ಹಚ್ಚುವವರಲ್ಲ. ನಾನು ಊರೂರು ತಿರುಗಿ, ಕ್ಯಾಂಟೀನಿನಲ್ಲಿ ಉಂಡು ಆ ನೇಮ ಬಿಟ್ಟವನು. ಅಕ್ಕ ಬಿಟ್ಟವಳಲ್ಲ. ಅದಕ್ಕಾಗಿ ಬಸ್ಸು ಹೊತ್ತು ಮುಳುಗುವ ಮುಂಚೆಯೇ ಊರು ಸೇರುವಂತೆ ವೇಳಾಪಟ್ಟಿ ಹಾಕಿದೆ. ಬಂದವರು ಬೆಳಕಿನಲ್ಲೇ ಉಣ್ಣಲಿ, ಅವರು ಉಂಡ ಮೇಲೆ ಬಡಿಸಿದವಳಿಗೂ ಉಣ್ಣಲು ಹೊತ್ತು ಉಳಿಯಲಿ ಎಂದು. ಆ ವೇಳಾಪಟ್ಟಿ ಬರೆದಾಗ ನಾನು ಎಷ್ಟು ಶಾಣ್ಯಾ ಎಂದು ನನಗೆ ಅನ್ನಿಸಿತ್ತು.

ಮೊದಲ ದಿನ ನಾನೇ ಬಸ್ಸಿನಲ್ಲಿ ಕೂತು ಹೋದೆ. ಊರ ಬಾಗಿಲಲ್ಲಿ ಜನವೋ ಜನ. ಬಸ್ಸಿಗೆ ಹೂವಿನ ಹಾರ ಹಾಕಿದರು, ಗಾಲಿಯ ಮುಂದೆ ತೆಂಗಿನಕಾಯಿ ಒಡೆದರು. ಅಕ್ಕ ಹೊಸ ಸೀರೆ ಉಟ್ಟು ಆರತಿ ಹಿಡಿದು ಬಂದು ಬಸ್ಸಿನ ಮೂತಿಗೆ ಬೆಳಗಿದಳು. "ನಮ್ಮ ತಮ್ಮ ತಂದಾನ" ಎಂದು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. ಪಂಚಾಯಿತಿಯವರು ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ! ಆಗಲೇ ಅಲ್ಲೇ ನಿಂತು, "ನೋಡ್ರಿ, ಇದು ಅಧಿವೇಶನದ ಗಾಡಿ, ನಂಬಬ್ಯಾಡ್ರಿ" ಎನ್ನಬಹುದಿತ್ತು. ಬದಲಿಗೆ ಫೋನ್ ತೆಗೆದು ಆರತಿ ಹಿಡಿದ ಅಕ್ಕನದೂ ಬಸ್ಸಿನದೂ ಸೇರಿ ಫೋಟೋ ತೆಗೆದೆ. ಫೋಟೋ ಬಹಳ ಚೆನ್ನಾಗಿ ಬಂತು. ಸಾಹೇಬರು ಹೊಗಳಿದರು.

ಸದನದಲ್ಲಿ ಮಂತ್ರಿಗಳು ನನ್ನ ಸಾಲನ್ನು ಓದಿದರು. ಶಾಸಕರು ಎದ್ದು ನಿಂತು ಧನ್ಯವಾದ ಹೇಳಿದರು. ಸುಜಾತಾ ನಸುಕಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದಳು. ಡ್ರೈವರ್, ಕಂಡಕ್ಟರ್ ಮನೆಮನೆಯಲ್ಲೂ ಹೋಳಿಗೆ, ಕಡಬು ಉಂಡು ಬಂದು ಡಿಪೋದಲ್ಲಿ ಹೊಟ್ಟೆ ಸವರಿಕೊಂಡರು.

ಅಧಿವೇಶನ ಮುಗಿದ ದಿನ ಮಧ್ಯಾಹ್ನವೇ ಸಾಹೇಬರು ಬಸ್ಸನ್ನು ಮೊದಲಿನ ಮಾರ್ಗಕ್ಕೆ ಹಾಕಿದರು. ನಾನು ಒಳಗೆ ಹೋಗಿ ನಿಂತೆ. ಸುಜಾತಾಳ ಕಾಲೇಜಿನ ಮಾತು ಹೇಳಿದೆ. "ನಿಮ್ಮ ಅಕ್ಕನ ಊರಿಗೆ ಬಿಟ್ರ ನಾಳೆ ಎಲ್ಲಾರೂ ತಮ್ಮ ತಮ್ಮ ಅಕ್ಕ-ತಂಗೇರ ಹೆಸರ ತಗೊಂಡ ಬರ್ತಾರ. ಹೋಗ್ರಿ, ಕೆಲಸಾ ನೋಡ್ರಿ" ಎಂದರು. ಹೋದೆ, ಕೆಲಸ ನೋಡಿದೆ. ಇನ್ನೊಂದು ಸಲ ಕೇಳುವ ಧೈರ್ಯವಾಗಲಿಲ್ಲ.

ಸಂಜೆ ಅಕ್ಕನ ಫೋನ್ ಬಂತು. "ಗಾಡಿ ಇನ್ನೂ ಬಂದಿಲ್ಲೋ ತಮ್ಮಾ. ಇವತ್ತ ನಮ್ಮನಿ ಪಾಳಿ."

ಶೈಲಾ, ಇಲ್ಲಿ ಕೇಳವ್ವಾ. ಆಗ ನನ್ನ ಬಾಯಿಗೆ ಬಂದದ್ದು ಆ ಕಿಟಕಿಯ ಮಾತೇ. "ಗಾಡಿ ರಿಪೇರಿಗೆ ಹೋಗೈತಿ ಅಕ್ಕಾ. ನಾಳೆ ಬರತೈತಿ."

ಮರುದಿನ ಮತ್ತೆ ಫೋನ್. "ನಾಳೆ ಬರತೈತಿ." ಅದರ ಮರುದಿನ ಮತ್ತೆ. ನಾಲಿಗೆಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಎದೆಗೆ ತಟ್ಟುವುದಕ್ಕೆ ಮೊದಲೇ ಹೊರಗೆ ಬಿದ್ದಿರುತ್ತಿತ್ತು. ಆಮೇಲೆ ಅವಳು ಫೋನ್ ಮಾಡುವುದನ್ನು ನಿಲ್ಲಿಸಿದಳು. ನಾನು ಹಗುರಾದೆ. ಥೂ ನನ್ನ ಜನ್ಮಕ್ಕೆ, ಹಗುರಾದೆ!

ಒಂದು ವಾರದ ಮೇಲೆ ಶಾಸಕರೇ ಕಚೇರಿಗೆ ಬಂದರು. ಕಬ್ಬು ಬೆಳೆಯುವ ಮನೆತನದವರು, ದನಿ ಏರಿಸುವವರಲ್ಲ. ಬೈಯುತ್ತಾರೆಂದು ನಾವೆಲ್ಲ ಎದ್ದು ನಿಂತಿದ್ದೆವು. ಅವರು ಕುರ್ಚಿ ಎಳೆದುಕೊಂಡು ಕೂತು ನೀರು ಕುಡಿದರು. "ಅಲ್ರೀ ಸಾಹೇಬ್ರ, ನಾ ಸದನದಾಗ ಎದ್ದ ನಿಂತ ಕೈಮುಗದ ಧನ್ಯವಾದ ಹೇಳೀನಿ. ನಿನ್ನೆ ಆ ಊರಿಗೆ ಹೋಗಿದ್ದೆ. ಮಂದಿ ನನ್ನ ಬೈಲಿಲ್ರಿ. ಚಾ ಮಾಡಿ ಕೊಟ್ರು. ಯಾವ ಮುಖಾ ಇಟಗೊಂಡ ಕುಡೀಲಿ ನಾನು?"

"ವಾಹನದ ಕೊರತೆ ಸರ್. ತಾತ್ಕಾಲಿಕ" ಎಂದರು ಸಾಹೇಬರು.

ಶಾಸಕರು ಜೇಬಿನಿಂದ ಉತ್ತರದ ಪ್ರತಿ ತೆಗೆದರು. ಅದರ ಜೊತೆ ನನ್ನ ಫೋಟೋ ಇತ್ತು. ಅದನ್ನು ನನ್ನ ಮುಂದೆ ಹಿಡಿದು, "ಆರತಿ ಹಿಡದಾಳಲ್ರಿ, ಈ ತಾಯಿ ಯಾರು? ಇವರಿಗಾದ್ರೂ ಖರೇ ಹೇಳೀರೋ ಇಲ್ಲೋ?" ಎಂದು ಕೇಳಿದರು.

ಸಾಹೇಬರು ನನ್ನತ್ತ ನೋಡಿದರು. ನಾನು ಹೇಳಿದೆ: "ಊರಾವ್ರು ಯಾರೋ ಇರಬೇಕ್ರಿ. ನನಗ ಗುರ್ತ ಇಲ್ರಿ."

ಆ ಊರಿಗೆ ಗೊತ್ತಿಲ್ಲದ ಒಂದು ಮಾತು ಇದೆ ಎಂದೆನಲ್ಲ, ಅದು ಇದೇ. ಒಡಹುಟ್ಟಿದವಳನ್ನು ಫೋಟೋದಲ್ಲಿ ಕಂಡು ಗುರುತಿಲ್ಲ ಎಂದೆ. ಯಾರೂ ನನ್ನ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ಶಾಸಕರು ಫೋಟೋವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮುಂದಿನ ಅಧಿವೇಶನದಲ್ಲಿ ಮತ್ತೆ ಎತ್ತುತ್ತೇನೆ ಎಂದಿದ್ದರು. ಅದಕ್ಕೆ ಮುಂಚೆ ಚುನಾವಣೆ ಬಂತು, ಅವರು ಸೋತರು. ಆ ಊರಿನಲ್ಲೂ ಅವರಿಗೆ ಮತ ಕಡಿಮೆ ಬಿದ್ದವಂತೆ.

ಆ ಮಳೆಗಾಲದಲ್ಲೇ, ಚುನಾವಣೆಗೆ ಬಹಳ ಮುಂಚೆ, ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಬರಬೇಕು. ಹೋಗದಿದ್ದರೆ ಅವಳಿಗೆ ಅವಮಾನ. ಫಾಟಾದಲ್ಲಿ ಇಳಿದು, ಮಳೆಯಲ್ಲಿ, ಎರಡೂ ಕಡೆ ಆಳೆತ್ತರದ ಕಬ್ಬಿನ ನಡುವೆ ಕೆಸರು ತುಳಿಯುತ್ತ ನಡೆದೆ. ಎದುರಿಗೆ ಬಂದ ಒಬ್ಬರು, "ಏನ್ರಿ ಭರಮಣ್ಣ, ನಿಮ್ಮ ಗಾಡಿ ಬರಲಿಲ್ಲೇನ್ರಿ?" ಎಂದು ಕೇಳಿ ಮುಂದೆ ಹೋದರು. ಚೇಷ್ಟೆಯೋ ಮರುಕವೋ ಗೊತ್ತಾಗಲಿಲ್ಲ.

ಸುಜಾತಾ ಬಾಗಿಲಲ್ಲಿದ್ದಳು. ಕಾಲೇಜಿನ ದಿನ, ಕಾಲೇಜಿನ ಹೊತ್ತು. ನಾನು ಕೇಳುವ ಮೊದಲೇ, "ಅಪ್ಪ ಬಿಡಿಸ್ಯಾನ ಮಾಮಾ" ಎಂದಳು. ಒಳಗೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಮುಖ ಇಳಿದುಹೋಗಿತ್ತು. ಜ್ವರವೇನು ಎಂದು ಕೇಳಿದೆ. "ಏನಿಲ್ಲ, ಆರಾಮ ಅದೀನಿ" ಎಂದಳು. ಸುಜಾತಾ ಬಿಡಲಿಲ್ಲ.

"ಆರಾಮ ಹ್ಯಾಂಗ ಇರತಾಳ ಮಾಮಾ? ನೀ ದಿನಾ ನಾಳೆ ಬರತೈತಿ ಅಂದಿ. ಈಕಿ ದಿನಾ ಡ್ರೈವರಿಗೆ, ಕಂಡಕ್ಟರಿಗೆ ಅಡಗಿ ಮಾಡಿ ಇಟಗೊಂಡ ಕುಂತ್ಳು. ಉಳಿದವ್ರು ಎರಡ ದಿನ ನೋಡಿ ಪಾಳಿ ಬಿಟ್ರು. ನನ್ನ ತಮ್ಮ ಹೇಳ್ಯಾನ, ಬರತೈತಿ ಅಂದಕೋತ ಅವ್ರ ಪಾಳೀನೂ ಈಕೀನ ಮಾಡಿದ್ಳು."

ಮುಂದಿನದನ್ನು ಅವಳು ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ. ಬಂದವರು ಉಣ್ಣುವ ಮುಂಚೆ ಮನೆಯ ಹೆಣ್ಣುಮಗಳು ಉಣ್ಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ. ಬಸ್ಸು ಬರುವ ವೇಳೆಯನ್ನು ಹೊತ್ತು ಮುಳುಗುವುದಕ್ಕೆ ಅಂಟಿಸಿ ಇಟ್ಟವನು ನಾನು. ಮುಚ್ಚಿದ ತಾಟುಗಳ ಮುಂದೆ ಕೂತು, ದಾರಿಯತ್ತ ನೋಡುತ್ತ, ಬೆಳಕು ಹೋಗುವವರೆಗೆ ಕಾದು, ನೀರನ್ನೂ ಕುಡಿಯದೆ ಮಲಗಿದ್ದಾಳೆ. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಕೇಳಿ ತಿಳಿಯುವ ಯೋಗ್ಯತೆ ನನಗಿರಲಿಲ್ಲ.

"ಪಂಚಮಿಗೆ ನಡಿ ಅಕ್ಕಾ" ಎಂದೆ.

"ಈ ವರ್ಸ ಬ್ಯಾಡ ತಮ್ಮಾ. ಫಾಟಾಮಟಾ ನಡಿಯಾಕ ಆಗೂದಿಲ್ಲ" ಎಂದಳು.

ಅವಳ ಕಾಲು ಹಿಡಿಯಬೇಕೆನ್ನಿಸಿತು, ಹಿಡಿಯಲಿಲ್ಲ. ಒದ್ದೆ ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲೇ ವಾಪಸಾದೆ.

ಸುಜಾತಾಳನ್ನು ಮರುವರ್ಷ ಹೊಳೆಯಾಚೆ ಮಹಾರಾಷ್ಟ್ರದ ಒಂದು ಮನೆಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ, ಸುಖವಾಗಿದ್ದಾಳೆ. ಆದರೆ ಯಾವುದೇ ಆಸ್ಪತ್ರೆಯಲ್ಲಿ ಬಿಳಿ ಬಟ್ಟೆಯ ಹುಡುಗಿಯೊಬ್ಬಳು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವಾಗ ನಾನು ಅವಳ ಮುಖ ನೋಡಲಾರೆ. ಸಾಹೇಬರು ಬಡ್ತಿ ಪಡೆದು ಬೇರೆ ಕಡೆ ಹೋದರು. ನಾನು ಒಮ್ಮೆ, ಒಂದೇ ಒಮ್ಮೆ, ಬೇರೊಂದು ಊರಿನ ಪ್ರಶ್ನೆಗೆ "ಬಸ್ ಇಲ್ಲ, ಸದ್ಯಕ್ಕೆ ಕೊಡಲು ಆಗುವುದಿಲ್ಲ" ಎಂದು ಬರೆದು ಕಳುಹಿಸಿದೆ. ಮೇಲಿನವರು ಅದರ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕಳುಹಿಸಿದರು. ನಾನು "ಪರಿಶೀಲನೆಯಲ್ಲಿದೆ" ಎಂದು ತಿದ್ದಿದೆ. ನನ್ನ ಹೋರಾಟ ಅಲ್ಲಿಗೆ ಮುಗಿಯಿತು.

ಈಗ ಆ ಊರಿಗೆ ವಸ್ತಿ ಬಸ್ ಇದೆ, ನಿಜವಾದದ್ದು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಫಾಟಾದಲ್ಲಿ ಕೂಡುವ ಜನ ಹೆಚ್ಚಾಯಿತು. ಹೊಸ ಶಾಸಕರು ಸದನದಲ್ಲಿ ಮೇಲಿಂದ ಮೇಲೆ ಎದ್ದು ನಿಂತರು. ಕಾರ್ಯಾಚರಣೆ ಮಾಡಲಾಗುತ್ತಿದೆ ಎಂಬ ಉತ್ತರ ಬಂದಾಗ, "ಅಧಿವೇಶನ ಮುಗಿದ ಮೇಲೂ ಓಡುತ್ತದೆಯೇ?" ಎಂದು ಕೇಳಿದರಂತೆ. ಅದನ್ನು ಪೇಪರಿನಲ್ಲಿ ಓದಿದಾಗ ನಾನು ನಿವೃತ್ತನಾಗಿದ್ದೆ. ಆ ಪ್ರಶ್ನೆ ನನ್ನನ್ನೇ ಕೇಳಿದಂತಿತ್ತು.

ಶೈಲಾಳ ಫೋನ್ ಬಂದ ಮರುದಿನ ನಾನೇ ಅವಳಿಗೆ ಫೋನ್ ಮಾಡಿದೆ, ಹಳೇ ಫೈಲ್ ನೋಡಬೇಡ ಎಂದು ಹೇಳಲು. "ಆಗಲೇ ಕಳಸಿದ್ನಿ ಸರ್. ನೀವು ಹೇಳಿದಂಗ ನೋಡಿ ಬರದೆ, ಪರಿಶೀಲನೆಯಲ್ಲಿದೆ ಅಂತ. ಸಾಹೇಬ್ರು ಭಾಳ ಖುಷ್ ಆದ್ರು" ಎಂದಳು. ನಾನು ತಡಮಾಡಿದ್ದೆ. ಯಾವಾಗಲೂ ತಡವೇ.

ಅದಾದ ಮೇಲೆ ಇದನ್ನೆಲ್ಲ ಬರೆಯಲು ಅಕ್ಕನ ಅಪ್ಪಣೆ ಕೇಳೋಣ, ಆ ಫೋಟೋದ ಮಾತನ್ನೂ ಹೇಳಿಬಿಡೋಣ ಎಂದು ಹೊರಟೆ. ಬೆಳಿಗ್ಗೆಯೇ ಫೋನ್ ಮಾಡಿ, "ಸಂಜಿ ವಸ್ತಿ ಗಾಡಿಗೆ ಬರತೀನಿ ಅಕ್ಕಾ, ಕೂಡೇ ಉಣ್ಣೂಣು" ಎಂದಿದ್ದೆ. ಬಸ್ಸು ತುಂಬ ಹೆಂಗಸರು, ಕಾಲೇಜಿನ ಹುಡುಗಿಯರು, ಕಾಯಿಪಲ್ಯೆ ಮಾರಿ ಖಾಲಿಯಾದ ಬುಟ್ಟಿಗಳು. ಊರು ಮುಟ್ಟಿದಾಗ ಹೊತ್ತು ಇನ್ನೂ ಕಬ್ಬಿನ ಗರಿಗಳ ಮೇಲಿತ್ತು. ಡ್ರೈವರ್, ಕಂಡಕ್ಟರ್ ತಮ್ಮ ತಮ್ಮ ಡಬ್ಬಿ ಹಿಡಿದು ಪಂಚಾಯಿತಿಯ ಕೋಣೆಗೆ ಹೋದರು. "ಈ ಊರಾಗ ಊಟದ ಪಾಳಿ ಇಲ್ಲೇನ್ರಿ?" ಎಂದು ಕೇಳಿದೆ. "ಇಲ್ರಿ. ಯಾಕೋ ಏನೋ, ಇಲ್ಲೆ ಯಾರೂ ಕರಿಯೂದಿಲ್ಲ" ಎಂದ ಕಂಡಕ್ಟರ್.

ಅಕ್ಕ ಬಾಗಿಲಿಗೆ ಬಂದು, "ಬಾ ತಮ್ಮಾ" ಎಂದು ಕಾಲಿಗೆ ನೀರು ಕೊಟ್ಟಳು. ವಯಸ್ಸಾಗಿದೆ, ಬೆನ್ನು ಬಾಗಿದೆ. ನಗು ಹಾಗೇ ಇದೆ. ಒಳಗೆ ಹೋದೆ. ಒಂದೇ ತಾಟು ಹಾಕಿತ್ತು. ನಾನು ಸಣ್ಣವನಿದ್ದಾಗಿನಿಂದ ನನ್ನನ್ನು ಬಿಟ್ಟು ಉಂಡವಳಲ್ಲ ಅವಳು.

"ನಿಂದೆಲ್ಲೈತಿ ಅಕ್ಕಾ?"

"ನಂದಾತು."

"ಇನ್ನೂ ಹೊತ್ತೈತೆಲ್ಲಾ! ಬರತೀನಿ ಅಂತ ಫೋನ್ ಮಾಡಿದ್ನೆಲ್ಲಾ ನಾ."

ಅಕ್ಕ ರೊಟ್ಟಿ ಬಡಿಸುತ್ತ, ತಲೆ ಎತ್ತದೆ, ಸಿಟ್ಟಿಲ್ಲದೆ, ಮನೆಯ ಎಂದಿನ ಮಾತು ಆಡುವ ದನಿಯಲ್ಲೇ ಹೇಳಿದಳು: "ಮಾಡಿದ್ದಿಪಾ. ಬರತೀನಿ ಅಂತ ನೀನ ಅಂದಿದ್ದಿ. ಅದಕ್ಕ ನಾ ಉಂಡ ಬಿಟ್ಟೆ."